ಎಸಿ ಹೂವಿನ ಟೈರು

ದೋಹಾದಲ್ಲಿ ಚಳಿಗಾಲ ಬಂತೆಂದು ನನಗೆ ಹೇಳುವುದು ಕಾರಿನ ಹಳದಿ ದೀಪ. ಇವತ್ತು ಬೆಳಿಗ್ಗೆಯೂ ಹೊತ್ತಿಕೊಂಡಿತು. ಚಳಿಗೆ ಟೈರಿನೊಳಗಿನ ಗಾಳಿ ಕುಗ್ಗಿ ಒತ್ತಡ ಇಳಿಯುತ್ತದೆ, ಅಷ್ಟೇ. ಕಾರಿನ ಕೈಪಿಡಿಯನ್ನು ಪೂರ್ತಿ ಓದಿದ ಮನುಷ್ಯ ನಾನು. ಮನೆಯಲ್ಲಿ ಅದಕ್ಕೆ ಯಾವ ಮರ್ಯಾದೆಯೂ ಇಲ್ಲ. ಗಾಳಿ ಹಾಕಿಸಲು ಹೋದರೆ ಅಂಗಡಿಯ ರಬ್ಬರ್ ವಾಸನೆಗೆ ಸದಾನಂದ ನೆನಪಾದ.

ಕೆಲವು ವರ್ಷದ ಹಿಂದಿನ ಮಾತು. ದೋಹಾದ ಐನ್ ಖಾಲಿದ್ ಬಡಾವಣೆಯಲ್ಲಿ ಒಂದು ವಿಲ್ಲಾಕ್ಕೆ ನಡುವೆ ಗೋಡೆ ಹಾಕಿ ಎರಡು ಮನೆ ಮಾಡಿದ್ದರು. ಈಚೆ ನಾವು, ಆಚೆ ಉಡುಪಿ ಕಡೆಯ ಸದಾನಂದ ಮತ್ತು ಅವನ ಹೆಂಡತಿ ಸುಮತಿ. ಊರಿನಲ್ಲಿ ಅವನು ಓಡಿಸುತ್ತಿದ್ದ ಕಾರಿನ ಟೈರು ಹೈವೇ ಮೇಲೆ ಕಾದು ಸಿಡಿದು, ಕಾರು ಮಗುಚಿ, ಪಕ್ಕದಲ್ಲಿದ್ದ ಸುಮತಿಯ ಭುಜ ಮುರಿದಿತ್ತು. ಇಲ್ಲಿಗೆ ಬಂದ ಮೇಲೆ ಆಕೆ ಅವನ ಕಾರು ಹತ್ತಲೇ ಇಲ್ಲ. ಕಾರಿಲ್ಲದೆ ಈ ಊರಿನಲ್ಲಿ ಹೋಗುವುದಾದರೂ ಎಲ್ಲಿಗೆ, ನೀವೇ ಹೇಳಿ. ಮೂಲೆಯ ಬಕಾಲಾ ಎಂಬ ದಿನಸಿ ಅಂಗಡಿ, ಮತ್ತೆ ಮನೆ. ಸಂಜೆಯಿಡೀ ಗೋಡೆಯಾಚೆ ಒಂದು ಮಾತೂ ಕೇಳುತ್ತಿರಲಿಲ್ಲ. ನಮಗೇ ಸಂಕಟವಾಗುತ್ತಿತ್ತು.

ಒಂದು ಜನವರಿಯಲ್ಲಿ ಅವನು ಎಲ್ಲಿಂದಲೋ ನಾಲ್ಕು ಟೈರು ಹಾಕಿಸಿಕೊಂಡು ಬಂದ. ಟೈರಿನ ಬದಿಯಲ್ಲಿ ಒಂದು ಗುರುತು: ಬೆಟ್ಟದ ಚಿತ್ರದೊಳಗೆ ಹಿಮದ ಹೂವು.

“ನೋಡು, ಎಸಿ ಬಟನ್ ಮೇಲೆ ಇರುವ ಹೂವೇ,” ಎಂದು ಸುಮತಿಗೆ ತೋರಿಸಿದ. “ಈ ಟೈರು ಬಿಸಿಯೇ ಆಗುದಿಲ್ಲ. ಮತ್ತೆ ಸಿಡಿಯುದು ಎಲ್ಲಿಂದ?”

ಅದು ಹಿಮ ಬೀಳುವ ದೇಶದ ಟೈರು. ಕೊರೆಯುವ ಚಳಿಯಲ್ಲೂ ಗಡುಸಾಗದಿರಲೆಂದು ಮೆತ್ತಗಿನ ರಬ್ಬರು, ಹಿಮವನ್ನು ಕಚ್ಚಿ ಹಿಡಿಯಲು ಆಳವಾದ ಗೀರು. ನಮ್ಮ ಬೇಸಿಗೆಯ ಡಾಂಬರಿನ ಮೇಲೆ ಪೆನ್ಸಿಲ್ ಅಳಿಸುವ ರಬ್ಬರಿನ ಹಾಗೆ ಸವೆದುಹೋಗುತ್ತದೆ. ಇಷ್ಟನ್ನೂ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಸುಮತಿ ಮುಂದಿನ ಬಾಗಿಲು ತೆಗೆದು ಕೂತಳು. ಇಬ್ಬರೂ ಅಬು ಹಮೂರ್ ಬಡಾವಣೆಯ ಕಡೆ ಹೋದರು.

ಮಾರ್ಚ್ ಬಂದಂತೆ ನನ್ನ ನಿದ್ದೆ ಹಾರಿತು. ಕೊನೆಗೆ ಟೈರಿನ ವಿಷಯ ಸುಮತಿಗೇ ಹೇಳಿದೆ.

“ಗೊತ್ತುಂಟು ಮಾರಾಯ್ರೆ,” ಅಂದಳು. “ಬದಿಯಲ್ಲಿ ಸ್ನೋ ಅಂತ ಬರೆದೇ ಉಂಟಲ್ಲ. ಆದ್ರೆ ಆ ಹೂವು ತೋರಿಸಿದ ಮೇಲೂ ಇವರು ನಾಲ್ಕೂ ಟೈರು ಮುಟ್ಟಿ ಮುಟ್ಟಿ ನೋಡ್ತಾ ಇದ್ರು. ನನಗಿಂತ ಇವರಿಗೇ ಹೆದರಿಕೆ. ಮತ್ತೆ ಕೂರದೆ ಹೇಗಿರುದು?”

“ಬಿಸಿಲು ಏರಿದರೆ?”

“ಅದಕ್ಕೆ ಮೊದಲು ಟೈರು ಚಂದ ಇಲ್ಲ, ಬದಲಿಸಿ ಅಂತೇನೆ. ನೀವೇನೂ ಹೇಳ್ಲಿಕ್ಕೆ ಹೋಗ್ಬೇಡಿ. ಖಲಾಸ್.”

ಹಾಗೇ ಅಂದಳು. ಅವನು ಈ ಊರಿನ ಟೈರುಗಳಲ್ಲೇ ಚಂದದ್ದನ್ನು ಹುಡುಕಿ ಹಾಕಿಸಿದ. ಆಮೇಲೆ ಅವರು ದೋಹಾ ಅಲ್ ಜದೀದಾ ಎಂಬ ಇನ್ನೊಂದು ಬಡಾವಣೆಗೆ ಮನೆ ಬದಲಿಸಿದರು.

ಇವತ್ತು ಗಾಳಿ ಹಾಕಿಸಿಕೊಂಡು ಹೊರಟಾಗ ಸಿಗ್ನಲ್‌ನಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತದ್ದು ಅವರದೇ ಕಾರು. ಸ್ಟಿಯರಿಂಗ್ ಹಿಡಿದಿದ್ದವಳು ಸುಮತಿ. ಗಾಜು ಇಳಿಸಿ, “ಲೈಸೆನ್ಸ್ ಬಂತು ಮಾರಾಯ್ರೆ,” ಅಂದಳು. ಹೇಳಲಾರದಷ್ಟು ಖುಷಿಯಾಯಿತು. ಕೈ ಬೀಸಿದೆ. ಸದಾನಂದ ಪಕ್ಕದ ಸೀಟಿನಲ್ಲಿ ಎರಡೂ ಕೈಯಲ್ಲಿ ಸೀಟ್‌ಬೆಲ್ಟ್ ಹಿಡಿದು ಕೂತಿದ್ದ. ನನ್ನ ಕಡೆ ತಲೆಯಾಡಿಸಿದ, ಕೈ ಬಿಡಲಿಲ್ಲ.