ಬೇವಿನ ಮರಕ್ಕೆ ಕಟ್ಟಿದ ಅಣ್ಣ

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಜೈಲಿನ ವಾರ್ಡರ್ ಆಗಿದ್ದೆ. ಶಿಕ್ಷೆ ಅರ್ಧಕ್ಕಿಂತ ಹೆಚ್ಚು ಮುಗಿದು, ನಡತೆ ಸರಿಯಿದ್ದ ಕೈದಿಗಳನ್ನು ಹೊರಗೆಲಸಕ್ಕೆ ಕರೆದೊಯ್ಯುವುದು ನನ್ನ ಪಾಲಿಗೆ ಬಂದಿತ್ತು. ಕಾಲುವೆ ದಂಡೆಯ ಜಾಲಿ ಕಡಿಸುವುದು, ಸರ್ಕಾರಿ ಕಟ್ಟಡಗಳಿಗೆ ಸುಣ್ಣ ಹೊಡೆಸುವುದು, ಇಂಥವು. ಕೈದಿ ಓಡಿಹೋದರೆ ಏನು ಮಾಡಬೇಕೆಂದು ನಮಗೆ ಹೇಳಿಕೊಟ್ಟಿದ್ದರು. ಸಾಯುತ್ತಿದ್ದರೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ.

ಒಂದು ಬೇಸಿಗೆಯಲ್ಲಿ ತಂಬ್ರಹಳ್ಳಿ ಕಡೆಯ ಒಂದು ತೋಟದ ಬಾವಿಯ ಹೂಳು ತೆಗೆಯುವ ಕೆಲಸ ಬಂತು. ಎಂಟು ಜನ ಕೈದಿಗಳು. ಜೊತೆಗೆ ಬರಬೇಕಾಗಿದ್ದ ವಾರ್ಡರಿಗೆ ಜ್ವರ ಬಂದು ನಾನೊಬ್ಬನೇ ಹೋಗಬೇಕಾಯಿತು. ಎಂಟರಲ್ಲಿ ಇಬ್ಬರು ಅಣ್ಣತಮ್ಮಂದಿರು, ಹಲವಾಗಲು ಕಡೆಯ ಹೊಳೆಸಾಲಿನವರು. ಹೊಲದ ಬದುವಿನ ಜಗಳದಲ್ಲಿ ದಾಯಾದಿಯೊಬ್ಬ ಸತ್ತು ಇಬ್ಬರಿಗೂ ಶಿಕ್ಷೆಯಾಗಿತ್ತು. ಅಣ್ಣನದು ಮಾತು ಕಡಿಮೆ. ತಮ್ಮ ಬಾಯಿ ಮುಚ್ಚಿದವನೇ ಅಲ್ಲ. ಊಟಕ್ಕೆ ಕೂತಾಗ ತನ್ನ ಉಳ್ಳಾಗಡ್ಡಿ ಚೂರನ್ನು ಅಣ್ಣನ ತಟ್ಟೆಗೆ ಹಾಕುತ್ತಿದ್ದ. ಅಣ್ಣ ಬೈಯುತ್ತಲೇ ಅದನ್ನು ತಿನ್ನುತ್ತಿದ್ದ.

ತಳದಲ್ಲಿ ಉಳಿದ ನೀರನ್ನು ಹೊರಗೆ ಹಾಕಲು ತೋಟದವರು ಡೀಸೆಲ್ ಎಂಜಿನ್ನನ್ನು ಬಾವಿಯೊಳಗಿನ ಅಗಲವಾದ ಮೆಟ್ಟಿಲ ಮೇಲಿಟ್ಟು ನಸುಕಿನಿಂದ ಓಡಿಸಿದ್ದರು. ನಾವು ಮುಟ್ಟುವ ಹೊತ್ತಿಗೆ ಎಂಜಿನ್ ನಿಂತಿತ್ತು, ಅದರವನು ಉಣ್ಣಲು ಮನೆಗೆ ಹೋಗಿದ್ದ. ಹೊಗೆ ಕಣ್ಣಿಗೆ ಕಾಣುತ್ತಿರಲಿಲ್ಲ. ತಮ್ಮ ಬುಟ್ಟಿ ಸಲಿಕೆ ಹಿಡಿದು ಮೊದಲು ಇಳಿದ. ಕೆಳಗಿನಿಂದ ಏನೋ ಚಾಷ್ಟಿ ಮಾಡಿದ, ಮೇಲಿದ್ದವರು ನಕ್ಕರು. ಆಮೇಲೆ ಸದ್ದಿಲ್ಲ. ಬಗ್ಗಿ ನೋಡಿದೆ. ಕೆಸರಿನಲ್ಲಿ ಮಂಡಿಯೂರಿ ಕೂತಿದ್ದವನು ನಾನು ನೋಡುತ್ತಿದ್ದಂತೆಯೇ ಮುಖ ಅಡಿಯಾಗಿ ಬಿದ್ದ.

ಕಳ್ಳತನದ ಕೇಸಿನಲ್ಲಿ ಬಂದಿದ್ದ ಇನ್ನೊಬ್ಬ ಕೈದಿ ತಕ್ಷಣ ಮೆಟ್ಟಿಲಿಳಿದ. ಅರ್ಧ ದಾರಿಗೆ ಅವನ ಕಾಲು ತತ್ತರಿಸಿದವು. ಹಿಂದೆ ಇಳಿಯುತ್ತಿದ್ದವರು ಅವನ ತೋಳು ಹಿಡಿದು ಎಳೆದುಕೊಂಡರು. ಮೇಲೆ ಬಂದು ವಾಂತಿ ಮಾಡಿಕೊಂಡು ಮಲಗಿಬಿಟ್ಟ. ಆಗ ನನಗೆ ತಿಳಿಯಿತು. ನಾನು ಶಾಲೆಗೆ ಹೋಗುತ್ತಿದ್ದಾಗ ನಮ್ಮೂರಿನ ಬಾವಿಯೊಂದರಲ್ಲಿ ಹೀಗೇ ಒಬ್ಬರನ್ನು ಎತ್ತಲು ಒಬ್ಬರು ಇಳಿದು, ಒಂದೇ ಮನೆಯ ಮೂರು ಹೆಣ ಎತ್ತಿದ್ದರು.

ಅಣ್ಣ ಆಗಲೇ ಬಾವಿಯ ಬಾಯಿಗೆ ಬಂದಿದ್ದ. ನಾನು ಅವನ ಸೊಂಟ ಹಿಡಿದೆ.

“ಬಿಡ್ರಿ ಸರ, ತಮ್ಮ ಬಿದ್ದಾನ್ರಿ.”

“ಇಳಿದ್ರ ನೀನೂ ಬೀಳ್ತಿ. ಒಳಗ ಗಾಳಿ ಕೆಟ್ಟೈತಿ.”

“ಬಿದ್ರ ಬೀಳ್ತೀನಿ. ಬಿಡ್ರಿ.”

ಅವನ ಕಸುವು ನನಗಿಂತ ಹೆಚ್ಚು. ಉಳಿದವರನ್ನು ಕೂಗಿ ಕರೆದು ಅವನನ್ನು ಹಿಡಿಸಿದೆ. ಬಾವಿಯ ಪಕ್ಕದ ಎಳೆ ಬೇವಿನ ಮರವನ್ನು ತಬ್ಬಿಸಿ ಎರಡೂ ಕೈಗೆ ಕೋಳ ಹಾಕಿದೆ.

ದಾರಿಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರಿನವನನ್ನು ನಿಲ್ಲಿಸಿ, ಹಗರಿಬೊಮ್ಮನಹಳ್ಳಿಗೆ ಹೋಗಿ ಪೊಲೀಸರಿಗೂ ಆಸ್ಪತ್ರೆಗೂ ತಿಳಿಸು ಎಂದು ಕಳಿಸಿದೆ. ಬೇವಿನ ಟೊಂಗೆಗಳನ್ನು ಕಡಿದು ಹಗ್ಗಕ್ಕೆ ಕಟ್ಟಿ ಬಾವಿಯೊಳಗೆ ಇಳಿಸಿ ಎಳೆದು ಗಾಳಿಯಾಡಿಸಿದೆವು. ಕೊಡಗಟ್ಟಲೆ ನೀರು ಎರಚಿದೆವು. ಆ ಗದ್ದಲದಲ್ಲೇ ಒಬ್ಬ ಕೈದಿ ಕೊಡ ಕೆಳಗಿಟ್ಟು ಜೋಳದ ಕೂಳೆಯ ಹೊಲದಲ್ಲಿ ನಡೆದು, ಆಮೇಲೆ ಓಡಿದ್ದನ್ನು ಕಂಡೆ. ನಾನು ಅವನ ಹಿಂದೆ ಹೋದರೆ ಇಲ್ಲಿ ಅಣ್ಣನ ಕೋಳ ಒಡೆದು ಎಲ್ಲರೂ ಬಾವಿಗೆ ಇಳಿಯುತ್ತಿದ್ದರು. ಹೋಗಲಿಲ್ಲ.

ತೋಟದ ಮನೆಯಿಂದ ಕಂದೀಲು ತರಿಸಿ ಇಳಿಬಿಟ್ಟೆ. ಮೊದಲ ಸಲ ನಂದಿತು. ಎರಡನೆಯ ಸಲವೂ ನಂದಿತು. ಅಣ್ಣ ಮರಕ್ಕೆ ಹಣೆ ಚಚ್ಚಿಕೊಳ್ಳುತ್ತಿದ್ದ. “ಎಷ್ಟೊತ್ತಾತ್ರಿ ಸರ, ಎಷ್ಟೊತ್ತಾತು” ಎನ್ನುತ್ತಿದ್ದವನು ಕೊನೆಗೆ ಅದನ್ನೂ ನಿಲ್ಲಿಸಿದ.

ಮೂರನೆಯ ಸಲ ದೀಪ ಉಳಿಯಿತು. ಕೈದಿಯೊಬ್ಬನನ್ನು ಇಳಿಸಲು ಮನಸ್ಸು ಬರಲಿಲ್ಲ. ನನ್ನ ಸೊಂಟಕ್ಕೇ ಹಗ್ಗ ಕಟ್ಟಿಕೊಂಡು, ವಾಂತಿ ಮಾಡಿಕೊಂಡು ಈಗ ಚೇತರಿಸಿಕೊಂಡು ಎದ್ದಿದ್ದವನ ಕೈಗೆ ಕೋಳದ ಕೀಲಿ ಕೊಟ್ಟೆ.

“ನಾ ಮ್ಯಾಲ ಬರಲಿಲ್ಲಂದ್ರ ಯಾರೂ ಇಳೀಬ್ಯಾಡ್ರಿ. ಪೊಲೀಸರು ಬರೋ ತನಕ ಇವನ್ನ ಬಿಚ್ಚಬ್ಯಾಡ್ರಿ.”

“ಹಗ್ಗ ಬಿಡಂಗಿಲ್ರಿ ಸರ, ಇಳೀರಿ,” ಎಂದ.

ಕೆಳಗೆ ಡೀಸೆಲ್ ವಾಸನೆ. ತಲೆ ಸಿಡಿಯುತ್ತಿತ್ತು. ಹುಡುಗನನ್ನು ಹೊರಳಿಸಿದೆ, ಬಾಯಿ ಮೂಗಿನ ತುಂಬ ಕೆಸರು. ಮೈ ಇನ್ನೂ ಬೆಚ್ಚಗಿತ್ತು, ಉಸಿರಿರಲಿಲ್ಲ. ಕಂಕುಳಿಗೆ ಹಗ್ಗ ಹಾಕಿ ಮೇಲೆತ್ತಿಸಿದೆ. ಆಮೇಲೆ ನನ್ನನ್ನು ಎಳೆದುಕೊಂಡರು. ಕೋಳ ಬಿಚ್ಚಿದಾಗ ಅಣ್ಣ ನನ್ನನ್ನು ಹೊಡೆಯುತ್ತಾನೆಂದುಕೊಂಡಿದ್ದೆ. ಅವನು ತಮ್ಮನ ಪಕ್ಕ ಕೂತು ಬಾಯಿಯೊಳಗಿನ ಕೆಸರನ್ನು ಬೆರಳಿನಿಂದ ತೆಗೆಯತೊಡಗಿದ. ಜೀಪು ಬಂದಾಗಲೂ ತೆಗೆಯುತ್ತಲೇ ಇದ್ದ.

ಮರುದಿನ ಆಸ್ಪತ್ರೆಯ ಹೆಣದ ಕೋಣೆಯ ಮುಂದೆ ಅವರ ತಾಯಿ ದೊಡ್ಡ ಮಗನ ಮಣಿಕಟ್ಟಿನ ಗಾಯ ನೋಡಿದಳು. ಯಾರೋ ಆಗಲೇ ಹೇಳಿದ್ದರು.

“ಇವನ ಕೈ ಬಿಟ್ಟಿದ್ರ ತಮ್ಮನ್ನ ಎತ್ಕೊಂಡು ಬರ್ತಿದ್ದ. ಯಾಕ ಕಟ್ಟಿದ್ರಿ ಯಪ್ಪಾ?”

ಒಳಗಿನ ಗಾಳಿಯ ವಿಷಯ ಹೇಳಲು ನೋಡಿದೆ. ಅವಳಿಗೆ ಕೇಳಿಸಲಿಲ್ಲ. ಅಣ್ಣ ನೆಲ ನೋಡುತ್ತ ನಿಂತಿದ್ದ.

ವಿಚಾರಣೆಯಲ್ಲಿ ಸತ್ತವನ ಬಗ್ಗೆ ಕೇಳಿದ್ದು ಸ್ವಲ್ಪ. ಓಡಿದವನ ಬಗ್ಗೆಯೇ ಕೇಳಿದರು. ಅವನು ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ಮಂಡಾಳು ತಿನ್ನುತ್ತ ಸಿಕ್ಕಿಬಿದ್ದಿದ್ದ. ಹಿಂದೆ ಯಾಕೆ ಹೋಗಲಿಲ್ಲ ಎಂಬುದಕ್ಕೆ ನಾನು ಕೊಟ್ಟ ಉತ್ತರ ಅವರಿಗೆ ಸರಿ ಬರಲಿಲ್ಲ, ನನ್ನ ಬಡ್ತಿ ನಿಂತಿತು. ಎಂಜಿನ್ನನ್ನು ಬಾವಿಯೊಳಗೆ ಇಟ್ಟಿದ್ದೇಕೆ ಎಂದು ಯಾರೂ ಯಾರನ್ನೂ ಕೇಳಲಿಲ್ಲ.

ಕೆಲವು ವರ್ಷಗಳ ಮೇಲೆ ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಆ ಅಣ್ಣನೇ ನನ್ನನ್ನು ಗುರುತು ಹಿಡಿದ. ತಲೆ ಪೂರ್ತಿ ಬೆಳ್ಳಗಾಗಿತ್ತು.

“ಆರಾಮ ಅದೀರೇನ್ರಿ ಸರ?”

ಚಹಾ ಕುಡಿದೆವು. ತಾಯಿ ಹೇಗಿದ್ದಾಳೆ ಎಂದು ಕೇಳಿದೆ.

“ಹೋದ ವರ್ಷ ಹೋದ್ಲುರಿ.” ಆಮೇಲೆ ಹೇಳಿದ, “ಬಿಡುಗಡಿ ಆಗಿ ಬಂದ ಮ್ಯಾಲ ಆಕಿಗೆ ಹೇಳಿದ್ನಿರಿ. ಸಾಹೇಬ್ರು ಕಟ್ಟಲಿಲ್ಲಂದ್ರ ನಾನೂ ಅಲ್ಲೇ ಸಾಯ್ತಿದ್ದೆ ಅಂತ. ಬಾಳ ಸಲ ಹೇಳಿದ್ನಿ.”

“ಏನಂದ್ಲು?”

“ನೀ ಅಂಜಿದಿ ಅಂದ್ಲುರಿ.”

ಹರಪನಹಳ್ಳಿ ಬಸ್ಸು ಬಂತು. ಅವನು ಲೋಟ ಇಟ್ಟು, ನನಗೆ ಕೈಮುಗಿದು, ಜನರ ನಡುವೆ ನುಗ್ಗಿ ಹತ್ತಿದ.