ಕಾಲು ನೋಡುತ್ತಿದ್ದ ಚೆಲುವಣ್ಣ

ಗಾಯ ಕಟ್ಟಲೆಂದು ಕರೆಸಿದ್ದ ಚೆಲುವಣ್ಣನವರು ನಮ್ಮ ಮನೆಗೆ ಮೊದಲ ಸಲ ಬಂದಾಗ ಯಾರಿಗೂ ನಮಸ್ಕಾರ ಹೇಳಲಿಲ್ಲ. ಒಳಗೆ ಬಂದವರೇ ಅಪ್ಪನ ಕುರ್ಚಿಯ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅವರ ಎರಡೂ ಪಾದಗಳನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಹಿಮ್ಮಡಿಯಿಂದ ಹೆಬ್ಬೆರಳವರೆಗೆ, ಬೆರಳ ಸಂದಿಗಳನ್ನೂ ಬಿಡದೆ ನೋಡಿದರು. ನೋಡಿ ಮುಗಿಸಿ ತಲೆಯೆತ್ತಿ, "ಈ ಮನೇಲಿ ಎಷ್ಟು ಜನ ಅವ್ರೆ?" ಎಂದು ಕೇಳಿದರು. ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ನಾನು. ಐದು ಜನ ಅಂದೆ.

"ಐದು ಜನಕ್ಕೆ ಹತ್ತು ಕಣ್ಣು. ಹತ್ತರಲ್ಲಿ ಒಂದಾದ್ರೂ ಈ ಕಾಲಿನ ಮೇಲೆ ಬೀಳ್ಲಿಲ್ವಾ?"

ಅಪ್ಪನ ಎರಡೂ ಅಂಗಾಲುಗಳಲ್ಲಿ ಅಂಗೈಯಷ್ಟಗಲದ ಬೊಬ್ಬೆಗಳೆದ್ದು ಒಡೆದಿದ್ದವು. ಹಿಂದಿನ ದಿನ ಬೇಸಿಗೆಯ ಉರಿಬಿಸಿಲಲ್ಲಿ, ಹನ್ನೊಂದು ಗಂಟೆ ದಾಟಿದ ಮೇಲೆ, ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ ಬಂದಿದ್ದರು. ಬೇರೆಯವರು ಕುಣಿಯುತ್ತ ನೆರಳಿಗೆ ಓಡುವ ಕಲ್ಲು ಅದು. ಅಪ್ಪ ನಿಧಾನವಾಗಿ ಎಲ್ಲ ಸುತ್ತುಗಳನ್ನೂ ಮುಗಿಸಿ ಬಂದಿದ್ದರು. ಮಾರನೆಯ ಬೆಳಿಗ್ಗೆ ನಡುಮನೆಯ ಮೊಸಾಯಿಕ್ ನೆಲದ ಮೇಲೆ ಒದ್ದೆ ಹೆಜ್ಜೆಗಳನ್ನು ಕಂಡು, ಯಾರೋ ಕಾಲು ಒರೆಸದೆ ಬಚ್ಚಲಿನಿಂದ ಬಂದಿದ್ದಾರೆಂದು ಅಮ್ಮ ಗೊಣಗಿದ್ದರು. ಅದು ನೀರಲ್ಲ ಎಂದು ತಿಳಿಯುವ ಹೊತ್ತಿಗೆ ಅಪ್ಪ ಎರಡನೆಯ ಲೋಟ ಕಾಫಿ ಕುಡಿಯುತ್ತಿದ್ದರು.

ಅಪ್ಪ ಸರ್ವೆ ಇಲಾಖೆಯಲ್ಲಿದ್ದವರು. "ಈ ಕಾಲು ಅರ್ಧ ಜಿಲ್ಲೆ ಅಳೆದಿದೆ" ಎಂದು ಹೇಳಿಕೊಳ್ಳುವುದು ಅವರಿಗೆ ಇಷ್ಟ. "ನೋವೇ ಇಲ್ಲವಲ್ರೀ, ಯಾಕಿಷ್ಟು ಗಾಬರಿ?" ಎಂದು ಚೆಲುವಣ್ಣನವರನ್ನೂ ಕೇಳಿದರು.

"ನೋವು ಅನ್ನೋರಿಗೆ ನಾನು ಹೆದ್ರಲ್ಲ ಸ್ವಾಮಿ. ನೋವಿಲ್ಲ ಅಂತೀರಲ್ಲ, ಅದಕ್ಕೇ ಹೆದ್ರೋದು. ಕಣ್ಣು ಮುಚ್ಕಳಿ. ನಾನು ಮುಟ್ಟಿದಾಗ ಹೂಂ ಅನ್ನಿ."

ಅಪ್ಪ ಕಣ್ಣು ಮುಚ್ಚಿದರು. ಚೆಲುವಣ್ಣ ಒಂದೆಳೆ ಹತ್ತಿ ಹೊಸೆದು ಹೆಬ್ಬೆರಳ ತುದಿಗೆ ಮುಟ್ಟಿಸಿದರು, ಕಿರುಬೆರಳಿಗೆ ಮುಟ್ಟಿಸಿದರು, ಪಾದದ ಮೇಲೆ ಎಳೆದರು. ಅಪ್ಪ ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದರು. ಸ್ವಲ್ಪ ಹೊತ್ತಾದ ಮೇಲೆ ಬೇಸರದಿಂದ, "ಶುರು ಮಾಡ್ರೀ" ಅಂದರು.

ಆ ಎರಡು ಪದ ಕೇಳಿದ ಮೇಲೆ ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು.

ಅಪ್ಪನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ನಮ್ಮ ಬಡಾವಣೆಯ ಡಾಕ್ಟರಲ್ಲಿಗೆ ತಪ್ಪದೆ ಕರೆದೊಯ್ಯುತ್ತಿದ್ದೆ. ಅವರು ರಕ್ತದ ಚೀಟಿ ನೋಡುತ್ತಿದ್ದರು, ಮಾತ್ರೆ ಬರೆಯುತ್ತಿದ್ದರು. ಒಂದು ದಿನವೂ ಶೂ ಬಿಚ್ಚಿ ಅಂದವರಲ್ಲ. ಹಿಂದಿನ ವರ್ಷ ಅಪ್ಪನ ಚಪ್ಪಲಿ ದಾರಿಯಲ್ಲೇ ಕಳಚಿ ಬಿದ್ದು, ಅದು ಗೊತ್ತಾಗದೆ ಅವರು ಒಂದೇ ಕಾಲಿನ ಚಪ್ಪಲಿಯಲ್ಲಿ ಮನೆಗೆ ಬಂದಿದ್ದನ್ನು ನಾನೇ ಆ ಡಾಕ್ಟರಿಗೆ ಹೇಳಿದ್ದೆ. "ವಯಸ್ಸಾಯ್ತಲ್ಲ ಮೇಡಂ, ಮರೆವು" ಎಂದು ನಕ್ಕಿದ್ದರು. ನಾನೂ ನಕ್ಕಿದ್ದೆ. ಆ ನಗು ನೆನಪಾದಾಗಲೆಲ್ಲ ಇವತ್ತಿಗೂ ಮೈ ಉರಿಯುತ್ತದೆ.

ಚೆಲುವಣ್ಣನವರಿಗೆ ಇದನ್ನು ಹೇಳಿದಾಗ ಅವರ ಕೈ ಬ್ಯಾಂಡೇಜು ಸುತ್ತುತ್ತಲೇ ಇತ್ತು, ಬಾಯಿ ಮಾತ್ರ ಬಿರುಸಾಯಿತು. "ವಯಸ್ಸು ಅನ್ನೋದು ಕಾಯ್ಲೆ ಹೆಸರಲ್ಲ ಕಣ್ರೀ. ಬಗ್ಗಿ ನೋಡೋಕೆ ಸೋಮಾರಿಯಾದೋರು ಬರ್ಕೊಡೋ ಹೆಸರು."

ಅವರ ಮನೆ ಅಶೋಕಪುರಂನಲ್ಲಿ. ದೊಡ್ಡ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಡ್ರೆಸ್ಸರ್ ಆಗಿ ಗಾಯ ತೊಳೆದು ಕಟ್ಟಿದವರು. ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಹಳೆಯ ಮೊಪೆಡ್ಡಿಗೆ ಖಾಕಿ ಚೀಲ ನೇತುಹಾಕಿಕೊಂಡು ಮನೆಮನೆಗೆ ಹೋಗುತ್ತಿದ್ದರು. ಚೀಲದಲ್ಲಿ ಹತ್ತಿ, ಗಾಯಕ್ಕೆ ಸುತ್ತುವ ತೆಳು ಬಟ್ಟೆ, ಸಲೈನ್ ಬಾಟಲಿಯ ಜೊತೆಗೆ ಒಂದು ಮುಖ ನೋಡುವ ಕನ್ನಡಿ ಇರುತ್ತಿತ್ತು. ಬಗ್ಗಲಾರದ ಮುದುಕರ ಪಾದದ ಕೆಳಗೆ ಅದನ್ನು ಹಿಡಿದು, ಅವರ ಅಂಗಾಲನ್ನು ಅವರಿಗೇ ತೋರಿಸುತ್ತಿದ್ದರು. ತಮ್ಮ ಅಂಗಾಲನ್ನು ಎಷ್ಟೋ ವರ್ಷದಿಂದ ನೋಡಿರದ ಜನ ಬೆಚ್ಚಿಬೀಳುತ್ತಿದ್ದರು. "ದಿನಾ ತಲೆ ಬಾಚ್ಕಳಕೆ ಕನ್ನಡಿ ಬೇಕು. ಇಷ್ಟು ದೂರ ಹೊತ್ಕಂಡ್ ಬಂದಿರೋ ಕಾಲಿಗೆ ಒಂದ್ ನಿಮಿಷ ಬ್ಯಾಡ್ವಾ?" ಎನ್ನುತ್ತಿದ್ದರು.

ದಾರಿಯಲ್ಲೂ ಅವರ ಕಣ್ಣು ನೆಲದ ಕಡೆಗೇ. ಒಮ್ಮೆ ರಾಮಕೃಷ್ಣನಗರದ ತರಕಾರಿ ಅಂಗಡಿಯ ಮುಂದೆ, ನಾನೂ ಅಲ್ಲೇ ಇದ್ದಾಗ, ಗುರುತಿಲ್ಲದ ಹೆಂಗಸೊಬ್ಬರ ಕಾಲುಂಗುರ ಊದಿದ ಬೆರಳಿಗೆ ಕಚ್ಚಿಕೊಂಡಿದ್ದನ್ನು ಕಂಡು ಮೊಪೆಡ್ ನಿಲ್ಲಿಸಿಬಿಟ್ಟರು. ಕಾಲುಂಗುರ ತೆಗೆದರೆ ಅಪಶಕುನ ಎಂದು ಆಕೆ ಹಿಂದೆ ಸರಿದರು. "ಉಂಗ್ರ ಉಳಿಸ್ಕಂಡು ಬೆರಳು ಕಳ್ಕಂತೀರೇನಮ್ಮಾ? ಕಾಲು ಯಾಕೆ ಊದೈತೆ ಅಂತ ಮೊದ್ಲು ಕೇಳಿ. ಮೂತ್ರಪಿಂಡ ನೋಡಿಸ್ಕಳಿ, ಎದೆ ನೋಡಿಸ್ಕಳಿ" ಎಂದು ಬೀದಿಯಲ್ಲೇ ಗದರಿದರು. ನನಗೆ ಮುಜುಗರವಾಗಿ ಬೇಗ ಬೇಗ ಮನೆಯ ಕಡೆ ನಡೆದಿದ್ದೆ.

ಇನ್ನು ನಮ್ಮ ಮನೆಯ ವಿಷಯ. ಇದನ್ನು ಬರೆಯದೆ ಬಿಟ್ಟರೆ ಉಳಿದಿದ್ದೆಲ್ಲ ಸುಳ್ಳಾಗುತ್ತದೆ.

ದಿನ ಬಿಟ್ಟು ದಿನ ಬಂದು ಗಾಯ ತೊಳೆಯುತ್ತಿದ್ದ ಅವರಿಗೆ ಅಮ್ಮ ಕಾಫಿ ಕೊಡುತ್ತಿದ್ದರು, ಪೇಪರ್ ಲೋಟದಲ್ಲಿ. ಅದಕ್ಕೆಂದೇ ಒಂದು ಕಟ್ಟು ತರಿಸಿಟ್ಟಿದ್ದರು. ನಾವೆಲ್ಲ ಸ್ಟೀಲ್ ಲೋಟದಲ್ಲಿ ಕುಡಿಯುತ್ತ ಅವರೆದುರಿಗೇ ಕೂತಿರುತ್ತಿದ್ದೆವು. ಮೂರನೆಯ ವಾರವೋ ಏನೋ, ಅವರು ಲೋಟವನ್ನು ಕೈಗೆ ತೆಗೆದುಕೊಳ್ಳದೆ ಪಕ್ಕಕ್ಕೆ ಸರಿಸಿ, ಬ್ಯಾಂಡೇಜು ಕಟ್ಟುತ್ತಲೇ ಹೇಳಿದರು: "ಅಮ್ಮಾ, ಯಜಮಾನ್ರ ಕಾಲಿನ ಕೀವು ತೊಳೆದಿರೋದು ಈ ಕೈ. ಆ ಕಾಲು ನಿಮ್ಮನೆ ಒಳಗೆಲ್ಲ ಓಡಾಡ್ತದೆ, ದೇವ್ರ ಕೋಣೆಗೂ ಹೋಯ್ತದೆ. ನನ್ನ ಬಾಯಿ ಮುಟ್ಟಿದ ಲೋಟ ಮಾತ್ರ ಅಡುಗೆಮನೆಗೆ ಹೋಗಂಗಿಲ್ವಾ?"

"ಅಯ್ಯೋ, ಹಾಗಲ್ಲಪ್ಪ. ಆಸ್ಪತ್ರೆ ಕೆಲಸ ನೋಡಿ, ಸೋಂಕು ಗೀಂಕು ಅಂತ..." ಎಂದು ಅಮ್ಮ ತಡವರಿಸಿದರು.

"ನೀವು ಅಂದ್ಕಂಡಿರೋದು ಯಾವ ಸೋಂಕು ಅಂತ ನನಗೂ ಗೊತ್ತು, ನಿಮಗೂ ಗೊತ್ತು" ಎಂದರು. ದನಿ ಏರಿಸಲಿಲ್ಲ. ಕಾಲು ಅಲುಗದ ಹಾಗೆ ಮೆತ್ತಗೆ ದಿಂಬಿನ ಮೇಲಿಟ್ಟು ಹೊರಟರು.

ಮಕ್ಕಳಿಗೆ ಸಮಾನತೆಯ ಪಾಠ ಮಾಡಿ ಸಂಬಳ ತೆಗೆದುಕೊಂಡವಳು ನಾನು. ಮೂರು ವಾರ ಅದೇ ಕೋಣೆಯಲ್ಲಿ ಕೂತು ಆ ಲೋಟ ನೋಡಿದವಳೂ ನಾನೇ. ಮುಂದಿನ ಸಲ ನಾನೇ ಸ್ಟೀಲ್ ಲೋಟದಲ್ಲಿ ಕಾಫಿ ತಂದು ಮುಂದಿಟ್ಟೆ. ಅವರು ಮುಟ್ಟಲಿಲ್ಲ. "ಬ್ಯಾಡಿ ಮೇಡಂ. ಈಗ ಕುಡುದ್ರೆ ನಾನು ಕೇಳಿ ಇಸ್ಕಂಡಂಗಾಯ್ತದೆ." ಆಮೇಲೆ ನಮ್ಮ ಮನೆಯಲ್ಲಿ ಅವರು ಒಂದು ಗುಟುಕು ನೀರನ್ನೂ ಕುಡಿಯಲಿಲ್ಲ. ಬರುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಗಾಯ ಮಾಯುತ್ತ ಬಂದಿತ್ತು, ಬಲಗಾಲಿನ ಹೆಬ್ಬೆರಳು ಬಿಟ್ಟು. ಒಂದು ಬೆಳಿಗ್ಗೆ ಆ ಬೆರಳು ನೇರಳೆ ಬಣ್ಣಕ್ಕೆ ತಿರುಗಿತ್ತು. ಚೆಲುವಣ್ಣ ಎರಡು ಬೆರಳನ್ನು ಅಪ್ಪನ ಪಾದದ ಮೇಲಿಟ್ಟು, ಆಮೇಲೆ ಕಣಕಾಲಿನ ಹಿಂದಿಟ್ಟು ಒತ್ತಿ ನೋಡಿದರು.

"ಇಲ್ಲಿ ನಾಡಿ ಬಡ್ಕೋಬೇಕು. ಬಡ್ಕೋತಿಲ್ಲ. ಇವತ್ತೇ ದೊಡ್ಡಾಸ್ಪತ್ರೆಗೆ ಹೊರಡಿ. ಕಾಲಿನ ನಾಳ ಕಟ್ಕಂಡಿದ್ರೆ ಕಾಲಿಗಷ್ಟೇ ನಿಲ್ಲಲ್ಲ ಅದು. ಎದೇದೂ ನೋಡಿಸ್ಬೇಕು."

ಅಣ್ಣ ಬಡಾವಣೆಯ ಡಾಕ್ಟರಿಗೆ ಫೋನ್ ಮಾಡಿದ. ಡ್ರೆಸ್ಸರ್ ಮಾತು ಕೇಳಿ ಹೆದರಬೇಡಿ, ಮುಲಾಮು ಹಚ್ಚಿ, ಸೋಮವಾರ ನೋಡೋಣ ಎಂದರಂತೆ. ಅಣ್ಣ ಫೋನಿಟ್ಟು ಬಂದು, "ನಿಮ್ಮ ಕೆಲಸ ಬ್ಯಾಂಡೇಜ್ ಕಟ್ಟೋದು. ಅಷ್ಟು ಮಾಡಿ ಸಾಕು" ಎಂದ.

ಚೆಲುವಣ್ಣ ಚೀಲ ಎತ್ತಿಕೊಂಡು ಗೇಟಿನವರೆಗೆ ಹೋದರು. ಅಲ್ಲಿಂದ ತಿರುಗಿ ಬಂದು ನಮ್ಮ ಹೊರಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಆಟೋ ಬರೋಗಂಟ ಏಳಲ್ಲ. ಪೊಲೀಸ್ನೋರ್ನ ಕರೀತೀರಾ, ಕರೀರಿ. ಅವ್ರಿಗೂ ಕಾಲು ತೋರಿಸ್ತೀನಿ."

ಅಕ್ಕಪಕ್ಕದವರು ಇಣುಕತೊಡಗಿದರು. ಅಣ್ಣನಿಗೆ ಅವಮಾನವಾಗಿ ಕೂಗಾಡಿದ. ನಾನು ಒಳಗೆ ಹೋಗಿ ಆಟೋಗೆ ಫೋನ್ ಮಾಡಿ, ಅಪ್ಪನಿಗೆ ಶರ್ಟು ಹಾಕಿಸಿದೆ. ನನ್ನ ಬದುಕಿನಲ್ಲಿ ಅಣ್ಣನನ್ನು ಕೇಳದೆ ಮಾಡಿದ ಮೊದಲ ಕೆಲಸ ಅದು. ಆಟೋಗೆ ಅಪ್ಪನನ್ನು ಹತ್ತಿಸಿದ್ದು ಚೆಲುವಣ್ಣನೇ.

ಹೆಬ್ಬೆರಳು ಉಳಿಯಲಿಲ್ಲ. ಕಾಲು ಉಳಿಯಿತು. ಹೃದಯದ ರಕ್ತನಾಳಗಳೂ ಮುಚ್ಚಿಕೊಂಡು ಬಂದಿದ್ದು ಅದೇ ವಾರ ಗೊತ್ತಾಯಿತು. ಇನ್ನೆರಡು ದಿನ ತಡವಾಗಿದ್ದರೆ ಮಂಡಿಯವರೆಗೆ ತೆಗೆಯಬೇಕಾಗುತ್ತಿತ್ತು ಎಂದು ಆಪರೇಷನ್ ಮಾಡಿದ ಡಾಕ್ಟರು ಹೇಳಿದರು. ಅಪ್ಪ ಆಮೇಲೂ ನಾಲ್ಕು ವರ್ಷ, ತಮ್ಮ ಕಾಲಿನ ಮೇಲೆ ತಾವೇ ನಡೆದಾಡಿಕೊಂಡು ಇದ್ದರು. ಅವರ ಹನ್ನೊಂದನೆಯ ದಿನ ಬಂದ ನೆಂಟರಿಗೆಲ್ಲ ಅಣ್ಣ, "ಬೆರಳಿನ ಬಣ್ಣ ನೋಡಿ ನನಗೆ ಅವತ್ತೇ ಅನುಮಾನ ಬಂತು, ಒಂದು ಗಂಟೆ ತಡ ಮಾಡಲಿಲ್ಲ" ಎಂದು ಹೇಳುತ್ತಿದ್ದ. ನಾನು ಎಲ್ಲರೆದುರಿಗೆ, "ಸುಳ್ಳು ಹೇಳಬೇಡ" ಅಂದೆ. ಆಮೇಲೆ ಒಂದು ವರ್ಷ ನಾವಿಬ್ಬರೂ ಮಾತಾಡಲಿಲ್ಲ.

ಚೆಲುವಣ್ಣನವರನ್ನು ಕೊನೆಯ ಸಲ ನೋಡಿದ್ದು ಬನ್ನಿಮಂಟಪದಲ್ಲಿ. ಬೀದಿ ಗುಡಿಸುವ ಹೆಂಗಸರಿಗಾಗಿ ಅವರ ಬಡಾವಣೆಯ ಒಂದು ಸಂಘದವರು ಶಾಮಿಯಾನ ಹಾಕಿ ಕಾಲಿನ ತಪಾಸಣೆ ಇಟ್ಟಿದ್ದರು. ಅದನ್ನು ಕೇಳಿ ಅವರನ್ನು ನೋಡಲೆಂದೇ ಹೋಗಿದ್ದೆ. ಬಿರುಕು ಬಿಟ್ಟ ಹಿಮ್ಮಡಿಯೊಂದನ್ನು ಕೈಯಲ್ಲಿ ಹಿಡಿದುಕೊಂಡು, ಈ ಹೆಂಗಸರಿಗೆ ಸರಿಯಾದ ಶೂ ಕೊಡಿಸದ ಮೇಸ್ತ್ರಿಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಆದರೆ ಒಂದು ವಾಕ್ಯಕ್ಕೆ ಎರಡು ಸಲ ಉಸಿರು ಎಳೆದುಕೊಳ್ಳುತ್ತಿದ್ದರು.

ಕೆಲಸ ಮುಗಿದ ಮೇಲೆ ಪ್ಯಾಂಟು ಮೇಲೆತ್ತಿ ಮೊಣಕಾಲಿನ ಕೆಳಗೆ ಹೆಬ್ಬೆಟ್ಟು ಒತ್ತಿ ತೋರಿಸಿದರು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು.

"ಎರಡು ಕಾಲೂ ಇಂಗೇ ಮೇಡಂ. ಎದೆ ಸುಸ್ತಾಗಿರೋ ಲಕ್ಷಣ ಇದು. ಎರಡು ಸಲ ಹೋಗಿ ಸಾಲಲ್ಲಿ ನಿಂತ್ಕಂಡೆ. ನಾನು ಕೆಲ್ಸ ಮಾಡಿದ ಆಸ್ಪತ್ರೆನೇ. ಹುಡುಗ ಡಾಕ್ಟ್ರು, ತಲೆ ಎತ್ತಲಿಲ್ಲ. ವಯಸ್ಸಾಯ್ತು, ಕಾಲು ಎತ್ತರಕ್ಕಿಟ್ಕಂಡು ಮಲಗಿ ಅಂತ ಬರ್ಕೊಟ್ಟ. ಈ ಚೆಲುವಣ್ಣಂಗೆ."

"ನಾನು ಬರ್ತೀನಿ. ಸೋಮವಾರ ಒಟ್ಟಿಗೆ ಹೋಗೋಣ" ಅಂದೆ.

"ಬನ್ನಿ ಮೇಡಂ. ನೀವು ಇಂಗ್ಲಿಷಲ್ಲಿ ಎರಡು ಮಾತಾಡಿದ್ರೆ ಅವ್ನು ಕಾಲು ನೋಡ್ತಾನೆ" ಎಂದರು. ಅವರು ನನ್ನಿಂದ ಕೇಳಿದ್ದು ಅದೊಂದೇ.

ಸೋಮವಾರ ಅಣ್ಣನ ಮಗಳ ಹೊಸ ಮನೆಯ ಗೃಹಪ್ರವೇಶ. ವರ್ಷದ ಮೇಲೆ ಅಣ್ಣ ತಾನಾಗಿಯೇ ಬಂದು ಕರೆದಿದ್ದ. ಹೋಗದಿದ್ದರೆ ಮತ್ತೆ ಮಾತು ಬಿಡುತ್ತಾನೆಂಬ ಅಳುಕಿನಲ್ಲಿ, ಹತ್ತು ಗಂಟೆಗೆ ಚೆಲುವಣ್ಣನವರಿಗೆ ಫೋನ್ ಮಾಡಿ, ಗುರುವಾರ ಹೋಗೋಣವಾ ಎಂದು ಕೇಳಿದೆ. "ಆಗ್ಲಿ ಬುಡಿ ಮೇಡಂ" ಎಂದರು. ನಾನು ಸಮಾಧಾನದಿಂದ ಹೋಗಿ ಹೋಳಿಗೆ ಊಟ ಮಾಡಿ ಬಂದೆ.

ಗುರುವಾರ ಬೆಳಿಗ್ಗೆ ಅಶೋಕಪುರಂನ ಅವರ ಬೀದಿಗೆ ಹೋದಾಗ ಮನೆ ಮುಂದೆ ಜನ ನಿಂತಿದ್ದರು. ಚೆಲುವಣ್ಣ ತೀರಿಕೊಂಡಿದ್ದರು, ಬುಧವಾರ ಸಂಜೆಯೇ ಮಣ್ಣು ಮಾಡಿ ಮುಗಿದಿತ್ತು. ಒಳಗೆ ಬುದ್ಧನ ಚಿತ್ರದ ಮುಂದೆ ಮೇಣದ ಬತ್ತಿ ಉರಿಯುತ್ತಿತ್ತು. ಅವರ ಹೆಂಡತಿ ನನ್ನ ಗುರುತು ಹಿಡಿದು, ಪಕ್ಕದಲ್ಲಿ ಕೂರಿಸಿಕೊಂಡು, ಯಾವ ದೂರೂ ಇಲ್ಲದ ದನಿಯಲ್ಲಿ ಹೇಳಿದರು:

"ಸೋಮವಾರ ಬೆಳಿಗ್ಗೆನೇ ತಲೆಗೆ ನೀರು ಹಾಕ್ಕಂಡು ರೆಡಿಯಾಗಿದ್ರು ಕಣಮ್ಮ. ಕಾಲು ಊದಿ ಚಪ್ಪಲಿ ಹಿಡಿಸ್ಲಿಲ್ಲ. ಕತ್ತರಿ ತಕ್ಕಂಡು ಪಟ್ಟಿ ಕತ್ತರಿಸ್ಕಂಡು ಹಾಕ್ಕಂಡ್ರು. ಟೀಚರಮ್ಮ ಬತ್ತಾರೆ, ಇವತ್ತು ನೋಡ್ತಾರೆ ಬುಡು ಅಂತ ಕೂತಿದ್ರು. ನಿಮ್ಮ ಫೋನ್ ಬಂದ್ಮೇಲೆ ಚಪ್ಪಲಿ ಬಿಚ್ಚಿಟ್ಟು ಮಲಗುದ್ರು."

ಆ ಚಪ್ಪಲಿಗಳು ಬಾಗಿಲ ಪಕ್ಕದಲ್ಲಿದ್ದವು. ನಾನು ಅವನ್ನು ದಾಟಿಕೊಂಡೇ ಹೊರಗೆ ಬರಬೇಕಾಯಿತು.