ವನಜಮ್ಮನ ವ್ಯಾನು ಇಳಿಜಾರಿನಲ್ಲಿ ನಿಲ್ಲಬೇಕು

ಕಮ್ಮರಡಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ವನಜಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಮ್ಮ ಶಾಲಾ ವ್ಯಾನಿನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ಚಕ್ರದ ಹಿಂಬದಿಗೆ ಟಾರ್ಚ್ ಬಿಡುತ್ತಿದ್ದಾರೆ. ಎಣ್ಣೆ ಜಿನುಗಿಲ್ಲ. "ಹತ್ತಿ, ಹೋಗಣ" ಎಂದು, ಅವರ ಬಗ್ಗೆ ಬರೆಯಲು ಬಂದ ನನ್ನನ್ನು ಕರೆಯುತ್ತಾರೆ. ಸ್ಟೀರಿಂಗ್ ಹಿಡಿದ ಮೇಲೆ ಇನ್ನೊಂದು ಮಾತು: "ಇವತ್ತು ಹರಿಹರಪುರದಲ್ಲಿ ಅರ್ಪಿತಾ ನಿಂತಿದ್ರೆ ನಿಂತ್ಲು, ಇಲ್ದಿದ್ರೆ ಇಲ್ಲ. ನಾನು ಮಾಡಿದ್ದಂತೂ ಸರಿ."

ಈ ಭಾಗದ ಮಕ್ಕಳನ್ನು ಕೊಪ್ಪದ ಶಾಲೆಗೆ ಮುಟ್ಟಿಸಿ, ಸಂಜೆ ಮನೆಗೆ ತಲುಪಿಸುವುದು ವನಜಮ್ಮನ ಕೆಲಸ. ಮೊದಲು ಗಂಡ ಗಿಡ್ಡಯ್ಯ ಜೀಪು ಓಡಿಸುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಯಿತು. ಪಕ್ಕದಲ್ಲಿ ಕೂತು ಹೆಂಡತಿಗೆ ಗಾಡಿ ಕಲಿಸಿದರು. "ಗೇರ್ ಹಾಕು ಅಂದ್ರೆ ಮುರೀತೀಯಲ್ಲೇ ಅಂತ ಬೈಯೋರು. ನಾನೂ ಸುಮ್ನಿರ್ಲಿಲ್ಲ ಅನ್ನಿ" ಎಂದು ವನಜಮ್ಮ ನಗುತ್ತಾರೆ. 2005ರಲ್ಲಿ ಜೀಪು ಮಾರಿ ಈ ವ್ಯಾನು ಕೊಂಡರು. ಈಗ ಮನೆ ನಡೆಯುವುದು ಇದರಿಂದಲೇ.

ಗಾಡಿ ಕೊಂಡ ಶೋರೂಮಿನ ಸರ್ವಿಸ್ ಶೆಡ್ಡು ಬಾಳಗಡಿಯಲ್ಲಿದೆ. ಅಲ್ಲಿ ಪ್ರತಿ ಸಲವೂ ಕೇಳುವ ಪ್ರಶ್ನೆ ಒಂದೇ: "ಡ್ರೈವರ್ ಎಲ್ಲಿ?" ಕೌಂಟರಿನ ರಾಕೇಶನಿಗೆ ಎಷ್ಟು ಸಲ ಹೇಳಿದರೂ ಈ ಹೆಂಗಸೇ ಗಾಡಿ ತಂದಿದ್ದೆಂದು ತಲೆಗೆ ಹೋಗುವುದಿಲ್ಲ. ವನಜಮ್ಮ ಅಲ್ಲಿ ಕಾಯುವ ಕೋಣೆಯಲ್ಲಿ ಟಿ.ವಿ. ನೋಡುತ್ತ ಕೂರುವವರಲ್ಲ. ಸ್ಟೂಲ್ ಎಳೆದುಕೊಂಡು ಗಾಡಿಯ ಪಕ್ಕವೇ ಕೂರುತ್ತಾರೆ. ಸೀಟಿಗೆ ಪಾಲಿಶ್ ಹಚ್ಚಲು ಬಿಡುವುದಿಲ್ಲ. ಹಿಂದೊಮ್ಮೆ ಫಳಫಳ ಹೊಳೆಯುವ ಸೀಟಿನ ಮೇಲೆ, ತಿರುವಿನಲ್ಲಿ ಮಕ್ಕಳೆಲ್ಲ ಒಂದು ಬದಿಗೆ ಜಾರಿ ರಾಶಿ ಬಿದ್ದಿದ್ದರಂತೆ.

ಮೊನ್ನೆ ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಮಕ್ಕಳನ್ನು ಶಾಲೆಗೆ ಬಿಟ್ಟು ಸೀದಾ ಬಾಳಗಡಿಗೆ ಬಂದರು. ಮೆಕ್ಯಾನಿಕ್ ರಜಾಕ್ ಚಕ್ರ ಬಿಚ್ಚಿ, "ವನಜಕ್ಕ, ಒಳಗೆ ಬ್ರೇಕ್ ಸಿಲಿಂಡರ್ ಸೋರ್ತಾ ಇದೆ. ಹೊಸದು ಶಿವಮೊಗ್ಗದಿಂದ ಬರ್ಬೇಕು. ನಾಳೆನೇ ಆಗೋದು" ಎಂದ. ಸಂಜೆ ಮಕ್ಕಳನ್ನು ಕರೆದೊಯ್ಯಬೇಕಲ್ಲ! ರಾಕೇಶನ ಬಳಿ ಸುಲಭದ ದಾರಿಯಿತ್ತು: "ಬ್ರೇಕ್ ಆಯಿಲ್ ತುಂಬಿಸಿ ಕೊಡ್ತೀವಿ. ಇವತ್ತೊಂದಿನ ನಿಧಾನಕ್ಕೆ ಓಡ್ಸಿ."

"ನಿಧಾನಕ್ಕೆ ಹೋದ್ರೆ ಇಳಿಜಾರು ಸಪಾಟಾಗುತ್ತಾ ಮಾರಾಯ? ನಿನ್ ಮಗು ಕೂರ್ಸಿ ಹೇಳು ನೋಡಣ" ಎಂದವರೇ ಕೀಲಿಯನ್ನು ರಜಾಕನ ಕೈಗಿಟ್ಟು ಶಾಲೆಯ ಕಡೆ ನಡೆದರು. ಸಂಜೆ ಅಷ್ಟೂ ಮಕ್ಕಳನ್ನು ಬಸ್ಸು ಹತ್ತಿಸಿ, ಬ್ಯಾಗುಗಳನ್ನು ಎರಡೂ ಹೆಗಲಿಗೆ ನೇತುಹಾಕಿಕೊಂಡು, ಒಂದೊಂದು ಮಗುವನ್ನೂ ಮನೆ ಬಾಗಿಲಿಗೆ ಬಿಟ್ಟು ಬಂದರು. ರಾತ್ರಿ ಅರ್ಪಿತಾಳ ಅಪ್ಪ ರಾಜೇಶ ಫೋನಿನಲ್ಲಿ ರೇಗಿದರು: "ವ್ಯಾನಿಗೆ ದುಡ್ಡು ಕೊಡೋದು ಮಕ್ಕಳು ಬಸ್ಸಲ್ಲಿ ನೇತಾಡ್ಲಿ ಅಂತನಾ? ಬೇರೆ ವ್ಯಾನ್ ನೋಡ್ಕೊಳ್ತೀವಿ." ಒಬ್ಬರು ಬಿಟ್ಟರೆ ಹಿಂದೆಯೇ ನಾಲ್ವರು ಬಿಡುತ್ತಾರೆ. ವನಜಮ್ಮನಿಗೆ ನಿದ್ದೆ ಹತ್ತಲಿಲ್ಲ. ಆದರೂ ಮರುದಿನ ಬೆಳಿಗ್ಗೆಯೂ ಬಸ್ಸೇ. ಅರ್ಪಿತಾ ಬರಲಿಲ್ಲ. ಆ ಮಧ್ಯಾಹ್ನ ಸಿಲಿಂಡರ್ ಬಂತು, ಸಂಜೆಗೆ ವ್ಯಾನು ಸಿದ್ಧವಾಯಿತು.

ಮುಂದೇನು ಆಸೆ ಎಂದು ದಾರಿಯಲ್ಲಿ ಕೇಳುತ್ತೇನೆ. "ಆಸೆ ಎಂತದು? ಮುಂದಿನ ಸರ್ವಿಸಿಗೆ ಹೋದಾಗ ಡ್ರೈವರ್ ಎಲ್ಲಿ ಅಂತ ಯಾರೂ ಕೇಳ್ದಿದ್ರೆ ಸಾಕು" ಎನ್ನುತ್ತಾರೆ.

ಹರಿಹರಪುರ ಬರುತ್ತದೆ. ಗೇಟಿನ ಬಳಿ ಅರ್ಪಿತಾ ನಿಂತಿದ್ದಾಳೆ, ಪಕ್ಕದಲ್ಲಿ ರಾಜೇಶ. ವನಜಮ್ಮ ಉಸಿರು ಬಿಟ್ಟದ್ದು ನನಗೆ ಕೇಳಿಸುತ್ತದೆ.

"ಬ್ರೇಕ್ ಸರಿ ಆಯ್ತಾ?" ರಾಜೇಶ ಬಿಗುವಾಗಿಯೇ ಕೇಳುತ್ತಾರೆ.

"ನಾನು ಹೇಳೋದೆಂತಕ್ಕೆ? ನೀವೇ ಹತ್ತಿ, ನೋಡಿ."

ನಾನು ಹಿಂದೆ ಮಕ್ಕಳ ನಡುವೆ ತೂರಿಕೊಳ್ಳುತ್ತೇನೆ. ರಾಜೇಶ ಮುಂದೆ ಕೂರುತ್ತಾರೆ. ಮುಂದಿನ ಇಳಿಜಾರಿನ ನಡುವೆ ವನಜಮ್ಮ ಬ್ರೇಕ್ ಒತ್ತುತ್ತಾರೆ. ವ್ಯಾನು ಎಡಕ್ಕೂ ಎಳೆಯದೆ, ಬಲಕ್ಕೂ ವಾಲದೆ ನಿಲ್ಲುತ್ತದೆ. ಒಂದು ಮಗುವೂ ಸೀಟಿನಿಂದ ಜಾರುವುದಿಲ್ಲ.

"ಸರಿ, ನಾನಿಲ್ಲೇ ಇಳಿದು ಬಸ್ಸಲ್ಲಿ ವಾಪಸ್ ಹೋಗ್ತೀನಿ" ಎನ್ನುತ್ತಾರೆ ರಾಜೇಶ.

"ಬಸ್ಸಲ್ಲಾ? ನೇತಾಡ್ಬೇಕಾಗುತ್ತೆ, ನೋಡ್ಕೊಳಿ!"

ರಾಜೇಶ ಪೆಚ್ಚಾಗಿ ನಗುತ್ತಾರೆ. ಅಷ್ಟರಲ್ಲಿ ಅವರ ಮೊಬೈಲು ಬಡಿದುಕೊಳ್ಳುತ್ತದೆ, ಮನೆಯಿಂದ. "ಹೂಂ ಮಾರಾಯ್ತಿ, ವ್ಯಾನಲ್ಲೇ ಇದೀನಿ. ಇಲ್ಲ, ಜಗಳ ಎಂತದೂ ಇಲ್ಲ. ಡ್ರೈವರೇ ಹತ್ತಿ ಅಂದ್ರು."

ವನಜಮ್ಮ ರಸ್ತೆಯಿಂದ ಕಣ್ಣು ತೆಗೆಯದೆ, ಹಿಂದೆ ಕೂತ ನನಗೆ ಕೇಳಿಸುವಂತೆ ಹೇಳುತ್ತಾರೆ:

"ಬರ್ಕೊಳ್ಳಿ. ಡ್ರೈವರ್ ಅಂದ್ರು."